ಮಗನು ಪರದೇಶದ ಪ್ರಜೆಯಾದಾಗ

ಕಳೆದ ವರ್ಷ ಮೋಂತಿ ಹಬ್ಬದ ನೊವೇನಾ ನಡೆಯುತ್ತಿದ್ದ ದಿನಗಳಲ್ಲಿ, ಬೆಳಗಿನ ಬಲಿಪೂಜೆ ಮುಗಿಸಿ ನಾವು ಗುರುನಿವಾಸದ ಮೆಟ್ಟಿಲು ಹತ್ತುತ್ತಿದ್ದಾಗ, ನಮ್ಮ ಧರ್ಮಕೇಂದ್ರದ ನಿವೃತ್ತ ಮಾಸ್ತರರೊಬ್ಬರು ಹಿಂದಿನಿಂದ ಕರೆದರು. ಪೂಜೆಯ ಕಾಣಿಕೆ ಕೊಡಲು ಬಂದಿರಬೇಕೆಂದು ಭಾವಿಸಿದೆವು. ಅವರ ಕೈಯಲ್ಲಿದ್ದುದು ಮೊಬೈಲ್ ಫೋನು. ಅದರಲ್ಲಿ ಒಂದು ಭಾವಚಿತ್ರ. ಕೆನಡಾದಲ್ಲಿರುವ ಹಿರಿಯ ಮಗನು ಕೋಟು ಧರಿಸಿ, ತನ್ನ ಮನೆಯ ಊಟದ ಮೇಜಿನ ಬಳಿ, ಕಂಪ್ಯೂಟರಿನ ಪರದೆಗೆ ಎದುರಾಗಿ ಬಲಗೈ ಎತ್ತಿ ನಿಂತಿದ್ದನು. ಮೇಜಿನ ಮೇಲೆ ಕೆಂಪು ಎಲೆಯ ಪುಟ್ಟ ಬಾವುಟ.

“ಫಾದರ್, ಇವನು ಮೊನ್ನೆಯಿಂದ ಭಾರತೀಯನಲ್ಲ” ಎಂದರು ಮಾಸ್ತರರು. ಸ್ವಲ್ಪ ತಡೆದು, “ಮೂವತ್ತೊಂದು ವರ್ಷ ಶಾಲೆಯಲ್ಲಿ ಧ್ವಜ ಏರಿಸಿದವನು ನಾನು” ಎಂದೂ ಸೇರಿಸಿದರು.

ಗುರುಗಳಾದವರಿಗೆ ಸಮಾಧಾನದ ಮಾತು ನಾಲಗೆಯ ತುದಿಯಲ್ಲೇ ಇರುತ್ತದೆ; ಅದು ಒಳ್ಳೆಯ ಅಭ್ಯಾಸವೆಂದು ನಾವು ಯಾವಾಗಲೂ ಹೇಳಲಾರೆವು. “ಅದೊಂದು ಕಾಗದ ಮಾಸ್ತರರೇ, ಪ್ರಯಾಣಕ್ಕೆ, ಉದ್ಯೋಗಕ್ಕೆ ಅನುಕೂಲವಾಗಲೆಂದು ಮಾಡಿಕೊಂಡದ್ದು. ಮನಸ್ಸು ಇಲ್ಲಿಯೇ ಇದೆ” ಎಂದು ಹೇಳಿ ಅವರ ಭುಜ ತಟ್ಟಿದೆವು. ಅವರು ತಲೆಯಾಡಿಸಿ ಹೊರಟುಹೋದರು. ಆ ಮಾತು ತಪ್ಪಾಗಿತ್ತೆಂದು ನಮಗೆ ಮನವರಿಕೆಯಾದದ್ದು ಕ್ರಿಸ್ಮಸ್ ಕಾಲದಲ್ಲಿ. ಅದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ವಾರದ ಅಂಕಣವನ್ನು ಬಳಸಿಕೊಳ್ಳುತ್ತಿದ್ದೇವೆ.

ಪ್ರಿಯ ವಾಚಕರೇ, ಇದು ಒಂದು ಮನೆಯ ಕಥೆಯಲ್ಲವೆಂಬುದನ್ನು ನೀವು ಬಲ್ಲಿರಿ. ಕೇಂದ್ರ ಸರಕಾರವು ಸಂಸತ್ತಿಗೆ ನೀಡಿದ ಲೆಕ್ಕದಂತೆ 2022ನೆಯ ಒಂದೇ ವರ್ಷದಲ್ಲಿ 2,25,620 ಮಂದಿ ಭಾರತದ ಪೌರತ್ವವನ್ನು ತ್ಯಜಿಸಿದರು. ಅದರಲ್ಲಿ ಕರಾವಳಿಯ ಪಾಲೆಷ್ಟೆಂದು ಯಾರೂ ಎಣಿಸಿಲ್ಲ. ಆದರೆ ಮನೆ ಆಶೀರ್ವಾದಕ್ಕೆಂದು ವಠಾರದಿಂದ ವಠಾರಕ್ಕೆ ನಡೆಯುವ ನಮಗೆ, ಗೋಡೆಯ ಮೇಲಿನ ಭಾವಚಿತ್ರಗಳೇ ಸಾಕಷ್ಟು ಹೇಳುತ್ತವೆ.

ವಲಸೆ ನಮಗೆ ಹೊಸತಲ್ಲ. ಅಜ್ಜಂದಿರು ಮುಂಬಯಿಗೆ ಹೋದರು. ಅಪ್ಪಂದಿರು ಕುವೈತ್, ದುಬಾಯಿ, ಬಹರೈನ್‌ಗಳಿಗೆ ಹೋದರು. ಗಲ್ಫ್ ದೇಶಗಳಲ್ಲಿ ಮೂವತ್ತು ವರ್ಷ ಬೆವರು ಸುರಿಸಿದವನಿಗೂ ಅಲ್ಲಿಯ ಪ್ರಜೆಯಾಗುವ ಪ್ರಶ್ನೆ ಸಾಮಾನ್ಯವಾಗಿ ಏಳಲೇ ಇಲ್ಲ. ವೀಸಾ ಮುಗಿದೊಡನೆ ಅವನು ತನ್ನ ನೀಲಿ ಪಾಸ್‌ಪೋರ್ಟಿನೊಂದಿಗೆ ಊರಿಗೆ ಮರಳಿದನು, ಮನೆ ಕಟ್ಟಿಸಿದನು, ಚರ್ಚಿನ ಪಾಲನಾ ಮಂಡಳಿಗೆ ಸದಸ್ಯನಾದನು. ಗಲ್ಫ್ ನಮ್ಮನ್ನು ಭಾರತೀಯರಾಗಿಯೇ ಉಳಿಸಿತು. ಅದಕ್ಕೆ ನಮ್ಮ ದೇಶಭಕ್ತಿಯೇ ಕಾರಣವೆಂದು ನಾವು ತಿಳಿದುಕೊಂಡೆವು. ಕೆನಡಾ, ಆಸ್ಟ್ರೇಲಿಯಾ, ಅಮೆರಿಕೆಗಳಿಗೆ ಹೋದ ಮಕ್ಕಳ ಮುಂದೆ ಮಾತ್ರ, ಅವರ ಅಪ್ಪಂದಿರಿಗೆ ಯಾರೂ ಕೇಳದಿದ್ದ ಪ್ರಶ್ನೆಯೊಂದು ನಿಂತಿದೆ: ನೀನು ನಮ್ಮವನಾಗುವೆಯಾ?

ಆ ಪ್ರಶ್ನೆಯನ್ನು ಕೆನಡಾ ಹೇಗೆ ಕೇಳುತ್ತದೆಂಬುದನ್ನು ಇಲ್ಲಿರುವ ಹೆತ್ತವರು ತಿಳಿದಿರುವುದು ಒಳ್ಳೆಯದು. ಅರ್ಜಿ ಹಾಕುವ ಮುಂಚಿನ 5 ವರ್ಷಗಳಲ್ಲಿ ಕನಿಷ್ಠ 1,095 ದಿನ ಆ ನೆಲದ ಮೇಲೆ ದೇಹತಃ ಇದ್ದಿರಬೇಕು. ಅಮ್ಮನ ಕಾಯಿಲೆಗೆಂದು ಊರಿಗೆ ಬಂದ ದಿನಗಳನ್ನು ಕಳೆದು ಲೆಕ್ಕ ಒಪ್ಪಿಸಬೇಕು. 18ರಿಂದ 54 ವರ್ಷದೊಳಗಿನವರು ಪರೀಕ್ಷೆ ಬರೆಯಬೇಕು. ಆ ದೇಶದ ಚರಿತ್ರೆ, ಭೂಗೋಳ, ಆಡಳಿತ, ಹಕ್ಕು ಬಾಧ್ಯತೆಗಳನ್ನು ಕುರಿತ 20 ಪ್ರಶ್ನೆಗಳಲ್ಲಿ 15ಕ್ಕೆ ಸರಿಯುತ್ತರ ಬರಬೇಕು. ಇಷ್ಟಾದರೂ ಪ್ರಜೆಯಾದಂತಲ್ಲ. 14 ವರ್ಷ ದಾಟಿದ ಪ್ರತಿಯೊಬ್ಬನೂ ಪ್ರಮಾಣವಚನ ಸ್ವೀಕರಿಸಬೇಕು. ಆ ಮಾತುಗಳನ್ನು ಬಾಯಿಬಿಟ್ಟು ಹೇಳುವವರೆಗೆ ಅವನು ಹೊರಗಿನವನೇ. ಕೊರೋನಾ ಬಂದ 2020ರಿಂದೀಚೆಗೆ ಈ ಸಮಾರಂಭವು ಅನೇಕರಿಗೆ ಕಂಪ್ಯೂಟರಿನ ಮೂಲಕವೇ ನೆರವೇರುತ್ತಿದೆ. ಹಾಗಾಗಿಯೇ ಊಟದ ಮೇಜು.

ಪ್ರಮಾಣವಚನದಲ್ಲಿರುವುದೇನು? ಕೆನಡಾದ ಅರಸರಾದ ಮೂರನೆಯ ಚಾರ್ಲ್ಸರಿಗೂ ಅವರ ಉತ್ತರಾಧಿಕಾರಿಗಳಿಗೂ ನಿಷ್ಠನಾಗಿರುತ್ತೇನೆ. ಸಂವಿಧಾನವೂ ಸೇರಿದಂತೆ ಕೆನಡಾದ ಕಾನೂನುಗಳನ್ನು ಪಾಲಿಸುತ್ತೇನೆ. ಪ್ರಜೆಯ ಕರ್ತವ್ಯಗಳನ್ನು ನೆರವೇರಿಸುತ್ತೇನೆ. ಸ್ಥೂಲವಾಗಿ ಇಷ್ಟು. ಇವುಗಳ ನಡುವೆ ಇನ್ನೊಂದು ಮಾತಿದೆ. ಅದಕ್ಕೆ ಆಮೇಲೆ ಬರುತ್ತೇವೆ. ಅರಸನ ಹೆಸರು ಕೇಳಿದೊಡನೆ ಮಾಸ್ತರರಂಥವರಿಗೆ ಎದೆ ಚುಚ್ಚುವುದು ಸಹಜ. 1949ರ ಏಪ್ರಿಲಿನಲ್ಲಿ ಲಂಡನಿನಲ್ಲಿ ಕೂಡಿದ ಪ್ರಧಾನಿಗಳ ಸಭೆಯಲ್ಲಿ, ಭಾರತವು ಕಾಮನ್‌ವೆಲ್ತಿನಲ್ಲಿ ಉಳಿಯುವುದಾದರೂ ಆ ಸಿಂಹಾಸನಕ್ಕೆ ನಿಷ್ಠೆ ಸಲ್ಲಿಸುವುದಿಲ್ಲವೆಂದು ಗೊತ್ತುಪಡಿಸಿಕೊಂಡಿತು; 1950ರ ಜನವರಿ 26ರಂದು ಗಣರಾಜ್ಯವಾಯಿತು. ಅಜ್ಜನು ಕಳಚಿಕೊಂಡ ನಿಷ್ಠೆಯನ್ನು ಮೊಮ್ಮಗನು ಕೈಯೆತ್ತಿ ಕೊಡುವುದೇ? ಪ್ರಶ್ನೆ ಕ್ಷುಲ್ಲಕವಲ್ಲ.

ಕೆನಡಾದಲ್ಲಿಯೂ ಅದನ್ನು ಕೇಳಿದವರಿದ್ದಾರೆ. ಅಲ್ಲಿ ನೆಲಸಿದ್ದ ಮೂವರು, ಆಗಿನ ರಾಣಿಗೆ ನಿಷ್ಠೆಯ ಪ್ರಮಾಣ ಮಾಡಲು ಮನಸ್ಸಾಕ್ಷಿ ಒಪ್ಪದೆಂದು ನ್ಯಾಯಾಲಯದ ಮೆಟ್ಟಿಲೇರಿದರು. ರಾಣಿಯೆಂದರೆ ಇಲ್ಲಿ ಒಬ್ಬ ವ್ಯಕ್ತಿಯಲ್ಲ, ಕೆನಡಾದ ಸಂವಿಧಾನಬದ್ಧ ಆಡಳಿತ ವ್ಯವಸ್ಥೆಯ ಸಂಕೇತ ಎಂದು ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯವು ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಆ ಮೂವರಲ್ಲಿ ಒಬ್ಬರಾದ ಟೊರಾಂಟೊ ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕರು 2015ರಲ್ಲಿ ಪ್ರಮಾಣವಚನ ಸ್ವೀಕರಿಸಿ, ಕೂಡಲೇ ಅದರ ರಾಣಿಯ ಭಾಗವನ್ನು ತಾವು ಒಪ್ಪುವುದಿಲ್ಲವೆಂದು ಬಹಿರಂಗವಾಗಿ ತಿಳಿಸಿದರು. ಅವರ ನಿಲುವು ನಮ್ಮದಲ್ಲ. ಆದರೆ ಆಡಿದ ಮಾತು ಮಾತೇ ಎಂದು ಅವರು ತಿಳಿದಿದ್ದರು. ಇಲ್ಲದಿದ್ದರೆ ಅಷ್ಟು ವರ್ಷ ನ್ಯಾಯಾಲಯಕ್ಕೆ ಅಲೆಯುವ ಅಗತ್ಯವೇನಿತ್ತು? “ಕಾಗದ ಮಾತ್ರ” ಎಂದು ಭುಜ ತಟ್ಟಿದ ನಾವು ಅವರಿಗಿಂತ ಹಗುರವಾಗಿ ಮಾತನಾಡಿದ್ದೆವು.

ಇದನ್ನು ನಮಗೆ ತೋರಿಸಿಕೊಟ್ಟವನು ಆ ಮಗನೇ. ಕ್ರಿಸ್ಮಸಿಗೆ ಊರಿಗೆ ಬಂದವನು ಒಂದು ಸಂಜೆ ಗುರುನಿವಾಸಕ್ಕೆ ಬಂದು ಕುಳಿತನು. ಅವನ ಪ್ರಥಮ ಪರಮಪ್ರಸಾದದ ದಿನದಿಂದ ಅಲ್ಲದಿದ್ದರೂ ಮದುವೆಯ ದಿನದಿಂದ ಅವನನ್ನು ನಾವು ಬಲ್ಲೆವು.

“ಫಾದರ್, ನೀವು ಪಪ್ಪನಿಗೆ ಅದೊಂದು ಕಾಗದ ಅಂದಿರಂತೆ.”

“ಹೌದು. ಅವರ ಮನಸ್ಸಿಗೆ ನೆಮ್ಮದಿಯಾಗಲೆಂದು ಹೇಳಿದೆವು.”

“ನನ್ನ ಮನಸ್ಸಿಗೆ ನೋವಾಯಿತು, ಫಾದರ್. ನಾನು ಕೈಯೆತ್ತಿ ಹೇಳಿದ್ದು ಸುಳ್ಳು ಅಂದ ಹಾಗಾಯಿತಲ್ಲ?”

ನಾವು ಸುಮ್ಮನಾದೆವು. ಅವನು ಹೇಳುತ್ತ ಹೋದನು. ಹಿಂದಿನ ರಾತ್ರಿ ನಿದ್ರೆ ಬಂದಿರಲಿಲ್ಲವಂತೆ. ಅಡುಗೆಮನೆಯಲ್ಲಿ ನಿಂತು ಪ್ರಮಾಣವಚನವನ್ನು ನಾಲ್ಕಾರು ಸಲ ಓದಿಕೊಂಡನಂತೆ. ಬೆಳಗ್ಗೆ ಸಮಾರಂಭದಲ್ಲಿ ಮೊದಲು, ಹನ್ನೊಂದು ವರ್ಷ ಕಿಸೆಯಲ್ಲಿಟ್ಟುಕೊಂಡು ಕಾಪಾಡಿದ ಖಾಯಂ ನಿವಾಸದ ಕಾರ್ಡನ್ನು ಅಧಿಕಾರಿಗೆ ಕಾಣುವಂತೆ ಕತ್ತರಿಯಿಂದ ತುಂಡರಿಸಬೇಕಾಯಿತು. ಒಂದು ಕ್ಷಣ ತಾನು ಎಲ್ಲಿಯವನೂ ಅಲ್ಲವೆಂಬಂತೆ ಕೈ ನಡುಗಿತಂತೆ. ಪ್ರಮಾಣದ ಬಳಿಕ ರಾಷ್ಟ್ರಗೀತೆ. ಅಲ್ಲಿಯೇ ಹುಟ್ಟಿದ ಎಂಟು ವರ್ಷದ ಮಗಳು ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಹಾಡಿದಳು. ಅಪ್ಪನು ಪರದೆಯ ಮೇಲಿನ ಅಕ್ಷರಗಳನ್ನು ನೋಡಿಕೊಂಡು ಹಾಡಿದನು. ಕೆಲವು ವಾರಗಳ ಬಳಿಕ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿದನು. ಅದು ರದ್ದಾದ ಮುದ್ರೆಯೊಂದಿಗೆ ಅಂಚೆಯಲ್ಲಿ ಮರಳಿ ಬಂತು. “ಅದನ್ನು ಬಿಸಾಡಲು ಮನಸ್ಸು ಬರಲಿಲ್ಲ, ಫಾದರ್. ಪಪ್ಪನಿಗೆ ತಂದು ಕೊಟ್ಟಿದ್ದೇನೆ.”

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ಕಾಲದಲ್ಲಿ ಅರಿಸ್ಟಾಟಲನ ರಾಜ್ಯಶಾಸ್ತ್ರದ ಪಾಠ ನಮಗೆ ಇಷ್ಟವಾಗಿತ್ತು. ಒಂದು ಊರಲ್ಲಿ ವಾಸವಾಗಿದ್ದ ಮಾತ್ರಕ್ಕೆ ಪೌರನಾಗುವುದಿಲ್ಲ, ನ್ಯಾಯ ತೀರ್ಮಾನದಲ್ಲಿಯೂ ಆಡಳಿತದಲ್ಲಿಯೂ ಪಾಲುಗೊಳ್ಳುವವನೇ ಪೌರ ಎಂದು ಆತ ವಿವರಿಸಿದ. ಸ್ಟಗೀರದಲ್ಲಿ ಹುಟ್ಟಿದ ಆತ ಮಾತ್ರ ಅಥೆನ್ಸಿನಲ್ಲಿ ಅಷ್ಟು ವರ್ಷ ಪಾಠ ಹೇಳಿಯೂ ಅಲ್ಲಿಯ ಪೌರನಾಗಿರಲಿಲ್ಲ, ಪರಕೀಯ ನಿವಾಸಿಯಾಗಿಯೇ ಉಳಿದಿದ್ದ. ಪೌರತ್ವವೆಂದರೇನೆಂದು ನಮಗೆ ಕಲಿಸಿದವನು ಅದನ್ನು ಹೊರಗಿನಿಂದ ನೋಡಿ ಕಲಿಸಿದ. ಹನ್ನೊಂದು ವರ್ಷ ತೆರಿಗೆ ಕಟ್ಟಿ, ಚುನಾವಣೆಯ ದಿನ ಮನೆಯಲ್ಲಿ ಕುಳಿತಿರಬೇಕಾದ ಈ ಹುಡುಗನ ಮಾತು ಕೇಳುವಾಗ ನಮಗೆ ಅರಿಸ್ಟಾಟಲನ ನೆನಪಾಯಿತು. ತಾನು ಬದುಕುವ ಊರಿನ ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ವಿಷಯದಲ್ಲಿ ತನ್ನದೂ ಒಂದು ಮಾತಿರಲಿ ಎಂದು ಬಯಸುವುದು ಹುಟ್ಟೂರಿಗೆ ಬಗೆಯುವ ದ್ರೋಹವೆಂದು ನಾವು ಒಪ್ಪೆವು.

ನಮ್ಮ ಪೂರ್ವಜರನ್ನೂ ಇಲ್ಲಿ ನೆನೆಯಬೇಕು. ಗೋವೆಯ ಪೋರ್ಚುಗೀಸರ ಆಳ್ವಿಕೆಯಿಂದ ಹೊರಟು ಕೆನರಾಕ್ಕೆ ಬಂದವರು ಕೆಳದಿಯ ಅರಸರ ಪ್ರಜೆಗಳಾದರು, ಈ ಮಣ್ಣಿನಲ್ಲಿ ಗದ್ದೆ ಮಾಡಿದರು, ಕೊಂಕಣಿಯನ್ನು ಬಿಡದೆಯೇ ತುಳುವನ್ನೂ ಕನ್ನಡವನ್ನೂ ಕಲಿತರು. ಅವರನ್ನು ಬಿಟ್ಟುಹೋದವರೆಂದು ಗೋವೆಯಲ್ಲಿ ಯಾರೋ ಕಣ್ಣೀರಿಟ್ಟಿರಲೂಬಹುದು. ತೆನೆಹಬ್ಬದ ಹೊಸಕ್ಕಿ ಊಟಕ್ಕೆ ಕುಳಿತಾಗ ಅದು ನಮಗೆ ನೆನಪಿರುವುದಿಲ್ಲ.

ಹಾಗೆಂದು ನೋವೇ ಇಲ್ಲವೆನ್ನುವುದು ಅಪ್ರಾಮಾಣಿಕವಾದೀತು. ಸ್ವಇಚ್ಛೆಯಿಂದ ಪರದೇಶದ ಪೌರತ್ವ ಪಡೆದವನು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲವೆಂದು 1955ರ ಪೌರತ್ವ ಕಾಯಿದೆಯ 9ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಕೆನಡಾ 1977ರಿಂದ ಇಬ್ಬಗೆಯ ಪೌರತ್ವಕ್ಕೆ ಅಡ್ಡಿ ಮಾಡುತ್ತಿಲ್ಲ. ಬಾಗಿಲು ಮುಚ್ಚಿರುವುದು ನಮ್ಮ ಕಡೆಯಿಂದ. 2005ರ ತಿದ್ದುಪಡಿಯ ಬಳಿಕ ರೂಢಿಗೆ ಬಂದ ಓಸಿಐ ಕಾರ್ಡಿನ ಹೆಸರಿನಲ್ಲಿ ‘ನಾಗರಿಕ’ ಎಂಬ ಪದವಿದ್ದರೂ ಅದು ಪೌರತ್ವವಲ್ಲ. ಅದನ್ನು ಹೊಂದಿದವನು ವೀಸಾ ಇಲ್ಲದೆ ಊರಿಗೆ ಬಂದು ಹೋಗಬಹುದು, ಬೇಕಾದಷ್ಟು ದಿನ ಇರಬಹುದು. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ತಂದೆಯ ತೋಟ ಪಿತ್ರಾರ್ಜಿತವಾಗಿ ಬಂದೀತು. ಪಕ್ಕದ ಗದ್ದೆಯನ್ನು ಕೊಳ್ಳುವಂತಿಲ್ಲ. (ಪರದೇಶದ ಪೌರತ್ವ ಪಡೆದು ಈ ಕಾರ್ಡು ಇಟ್ಟುಕೊಂಡ ಗುರುಗಳೂ 2021ರ ಅಧಿಸೂಚನೆಯಂತೆ ಧರ್ಮಪ್ರಚಾರದ ಕಾರ್ಯಕ್ಕೆ ವಿಶೇಷ ಅನುಮತಿ ಪಡೆಯಬೇಕು. ನಮ್ಮ ಕೆಲವು ಧರ್ಮಸಭೆಗಳವರು ಇದನ್ನು ಗಮನಿಸಿದರೆ ಒಳಿತು.) ಮಾಸ್ತರರ ಕಣ್ಣೀರಿಗೆ ಕಾರಣವಿದೆ. ಕಾಗದವೆಂದು ಹೇಳಿ ನಾವು ಅವರ ದುಃಖವನ್ನೂ ಕಡಿಮೆ ಬೆಲೆಗೆ ಎಣಿಸಿದಂತಾಯಿತು. ಕಳೆದುಕೊಂಡದ್ದೇ ಇಲ್ಲವೆಂದಾದರೆ ಅಳುವುದಕ್ಕೆ ಅವಕಾಶವೆಲ್ಲಿ?

ಶಪಥದ ವಿಷಯದಲ್ಲಿ ಧರ್ಮಸಭೆಯ ಬೋಧನೆ ಕಟ್ಟುನಿಟ್ಟಾಗಿದೆ. ಕೆನಡಾದ ಪ್ರಮಾಣವಚನದಲ್ಲಿ ದೇವರ ಹೆಸರಿಲ್ಲ, ಶಪಥದ ಬದಲು ದೃಢೀಕರಣ ಮಾಡುವುದಕ್ಕೂ ಅವಕಾಶವಿದೆ. ಆದರೆ ಕ್ರೈಸ್ತನಾದವನು ಶಪಥ ಮಾಡುತ್ತೇನೆಂದು ಹೇಳಿದಾಗ ಸಾಕ್ಷಿಗೆ ಯಾರು ನಿಂತಿರುತ್ತಾರೆಂಬುದನ್ನು ವಿವರಿಸಬೇಕಾಗಿಲ್ಲ. ಬಾಯಲ್ಲಿ ಒಂದು ನುಡಿದು, ಮನಸ್ಸಿನಲ್ಲಿ ಗುಪ್ತವಾಗಿ ಇನ್ನೊಂದು ಪದ ಸೇರಿಸಿಕೊಂಡರೆ ಸುಳ್ಳಾಗುವುದಿಲ್ಲವೆಂದು ಒಂದು ಕಾಲದಲ್ಲಿ ಕೆಲವು ನೀತಿಶಾಸ್ತ್ರಜ್ಞರು ವಾದಿಸುತ್ತಿದ್ದರು. 1679ರಲ್ಲಿ ಪೋಪ್ ಹನ್ನೊಂದನೆಯ ಇನೊಸೆಂಟರು ಆ ವಾದವನ್ನು ಖಂಡಿಸಿದರು. “ಪಾಸ್‌ಪೋರ್ಟಿಗಾಗಿ ಹೇಳಿದೆ, ಮನಸ್ಸಿನಲ್ಲಿ ಏನಿದೆಯೋ ಅದೇ ಇದೆ” ಎಂದು ಊರಿನ ಔತಣಗಳಲ್ಲಿ ನಗುತ್ತ ಹೇಳುವ ತರುಣರು ಈ ಹಳೆಯ ಕಥೆಯನ್ನು ಕೇಳಿರಲಾರರು. ಆ ನಗುವಿಗೆ ಜೊತೆಗೂಡುವ ಹೆತ್ತವರೂ, ತಮ್ಮ ಮಗನು ದೇವರ ಮುಂದೆ ಸುಳ್ಳಾಡಿದನೆಂದು ತಾವೇ ಸಾರುತ್ತಿದ್ದೇವೆಂಬುದನ್ನು ಅರಿತಿರಲಾರರು. ಮನಸ್ಸು ಒಪ್ಪದಿದ್ದರೆ ಖಾಯಂ ನಿವಾಸಿಯಾಗಿಯೇ ಉಳಿಯಬಹುದು; ಯಾರೂ ಬಲವಂತ ಮಾಡುವುದಿಲ್ಲ. ಅಂಥವರೂ ಇದ್ದಾರೆ, ಅವರಿಗೆ ನಮ್ಮ ಗೌರವವಿದೆ.

ಇದೇ ನಗುವಿಗೆ ಭಕ್ತಿಯ ಮುಸುಕು ಹಾಕುವವರೂ ಉಂಟು. ನಮ್ಮ ನಿಜವಾದ ಪೌರತ್ವ ಸ್ವರ್ಗದಲ್ಲಿದೆಯೆಂದು ಸಂತ ಪೌಲರು ಫಿಲಿಪ್ಪಿಯರಿಗೆ ಬರೆದದ್ದನ್ನು ನೆನಪಿಸಿ, ಇಹಲೋಕದ ಪೌರತ್ವ ಯಾವುದಾದರೇನು ಎನ್ನುತ್ತಾರೆ. ಆದರೆ ಪೌಲರು ತಮ್ಮ ರೋಮನ್ ಪೌರತ್ವವನ್ನು ಎಂದೂ ಹಗುರವಾಗಿ ಕಾಣಲಿಲ್ಲ. ಅದೇ ಫಿಲಿಪ್ಪಿಯಲ್ಲಿ ತಮ್ಮನ್ನು ವಿಚಾರಣೆಯಿಲ್ಲದೆ ಹೊಡೆದ ಅಧಿಕಾರಿಗಳಿಗೆ ಅದನ್ನು ಎತ್ತಿ ತೋರಿಸಿದರು; ಕೊನೆಗೆ ಅದರ ಬಲದಿಂದಲೇ ಚಕ್ರವರ್ತಿಯ ನ್ಯಾಯಾಸನಕ್ಕೆ ಮೊರೆಹೋದರು. ಜೆರುಸಲೇಮಿನಲ್ಲಿ ಅವರನ್ನು ಬಂಧಿಸಿದ ಸಹಸ್ರಾಧಿಪತಿಯು ಬಹಳ ಹಣ ತೆತ್ತು ಆ ಪೌರತ್ವ ಪಡೆದವನು. ಪೌಲರು ಜನ್ಮತಃ ಪಡೆದವರು. ಮಾಸ್ತರರ ಮಗನ ಮನೆಯಲ್ಲಿ ಈಗ ಇಬ್ಬರೂ ಇದ್ದಾರೆ: ಬೆಲೆ ತೆತ್ತು ಪ್ರಜೆಯಾದ ಅಪ್ಪ, ಹುಟ್ಟಿನಿಂದಲೇ ಪ್ರಜೆಯಾದ ಮಗಳು. ಅಪ್ಪನು ತೆತ್ತ ಬೆಲೆ ಏನೆಂದು ಆ ಮಗುವಿಗೆ ಯಾರಾದರೂ ಹೇಳಬೇಕಾದೀತು.

ಆಮೇಲೆ ಬರುತ್ತೇವೆಂದು ಹೇಳಿದ್ದ ಮಾತು ಇದು. 2021ರ ಜೂನಿನಿಂದ ಕೆನಡಾದ ಪ್ರಮಾಣವಚನದಲ್ಲಿ, ಆ ನೆಲದ ಮೂಲನಿವಾಸಿಗಳಾದ ಫಸ್ಟ್ ನೇಷನ್ಸ್, ಇನುಯಿಟ್ ಮತ್ತು ಮೇಟಿ ಜನರ ಹಕ್ಕುಗಳನ್ನೂ ಅವರೊಂದಿಗೆ ಮಾಡಿಕೊಂಡ ಒಪ್ಪಂದಗಳ ಹಕ್ಕುಗಳನ್ನೂ ಮಾನ್ಯಮಾಡುವ ಸಂವಿಧಾನವನ್ನು ಪಾಲಿಸುತ್ತೇನೆಂಬ ವಾಕ್ಯ ಸೇರಿದೆ. ಅದು ಸೇರಲು ಕಾರಣವಾದದ್ದು, ಸತ್ಯ ಮತ್ತು ಸಮಾಧಾನ ಆಯೋಗವು 2015ರಲ್ಲಿ ಮಾಡಿದ 94 ಶಿಫಾರಸುಗಳಲ್ಲಿ ಕೊನೆಯದು. ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ, ಅವರ ಭಾಷೆಯನ್ನು ಮರೆಸುವಂತೆ ನಡೆಸಿದ ವಸತಿಶಾಲೆಗಳ ಕುರಿತು ತನಿಖೆ ಮಾಡಿದ ಆಯೋಗ ಅದು. ನೂರು ವರ್ಷಗಳಿಗೂ ಹೆಚ್ಚು ಕಾಲ, 1990ರ ದಶಕದವರೆಗೂ, ಒಂದೂವರೆ ಲಕ್ಷದಷ್ಟು ಮಕ್ಕಳು ಆ ಶಾಲೆಗಳ ಬಾಗಿಲು ಹೊಕ್ಕರು; ಸಾವಿರಾರು ಮಂದಿ ಮರಳಲಿಲ್ಲ. ಆ ಶಾಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಡೆಸಿದವರು ಕಥೋಲಿಕರು. ಪೋಪ್ ಫ್ರಾನ್ಸಿಸರು 2022ರ ಜುಲೈಯಲ್ಲಿ ಗಾಲಿಕುರ್ಚಿಯಲ್ಲಿಯೇ ಅಲ್ಬರ್ಟಾದ ಮಸ್ಕ್ವಾಚಿಸ್‌ಗೆ ಹೋಗಿ ಕ್ಷಮೆ ಬೇಡಿದ್ದು ಈ ಪಾಪಕ್ಕಾಗಿ.

ಪೌರತ್ವವು ಕಾಗದವಾಗಿದ್ದರೆ ಅದರೊಂದಿಗೆ ಸೌಕರ್ಯಗಳು ಮಾತ್ರ ಬರುತ್ತಿದ್ದವು. ಮಾತು ಕೊಟ್ಟು ಪಡೆದುದರಿಂದ ಸಾಲವೂ ಬರುತ್ತದೆ. ಮನೆತನಕ್ಕೆ ದತ್ತುಹೋದವನಿಗೆ ಆ ಮನೆಯ ಆಸ್ತಿಯೂ ಸಾಲವೂ ಒಟ್ಟಿಗೆ ಸೇರುವಂತೆ. 1914ರಲ್ಲಿ ಕೋಮಗಾಟ ಮಾರು ಹಡಗಿನಲ್ಲಿ ವ್ಯಾಂಕೂವರ್ ಬಂದರಿಗೆ ಬಂದ 376 ಪ್ರಯಾಣಿಕರಲ್ಲಿ ಬಹುತೇಕರನ್ನು ಎರಡು ತಿಂಗಳು ಕಾಯಿಸಿ ಹಿಂದಕ್ಕಟ್ಟಿದ ದೇಶವೂ ಅದೇ. 2016ರಲ್ಲಿ ಸಂಸತ್ತಿನಲ್ಲಿ ಅದಕ್ಕಾಗಿ ಕ್ಷಮೆ ಕೇಳಿದ ದೇಶವೂ ಅದೇ. ಹಿಂದಕ್ಕಟ್ಟಿಸಿಕೊಂಡವರ ನಾಡಿನವನೊಬ್ಬನು ಇಂದು ಅಟ್ಟಿದವರ ಕಡೆಗೆ ಸೇರಿದ್ದಾನೆ. ಆ ತಪ್ಪುಗಳ ಉತ್ತರದಾಯಿತ್ವ ಇನ್ನು ಅವನದೂ ಹೌದು. ವಸತಿಶಾಲೆಗಳ ವಿಷಯದಲ್ಲಿಯಂತೂ ಅವನಿಗೆ ಎರಡು ಕಡೆಯಿಂದ ಪಾಲು ಬಂದಿದೆ, ಕೆನಡಾದ ಪ್ರಜೆಯಾಗಿ ಒಂದು, ನಮ್ಮ ಧರ್ಮಸಭೆಯ ಮಗನಾಗಿ ಇನ್ನೊಂದು.

ಮಗನು ರಜೆ ಮುಗಿಸಿ ಹೊರಟ ಮೇಲೆ ಒಂದು ಮಧ್ಯಾಹ್ನ ನಾವಾಗಿಯೇ ಮಾಸ್ತರರ ಮನೆಗೆ ಹೋದೆವು. ಹಿಂದೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುತ್ತೇವೆಂದು ಹೇಳಿದಾಗ ಅವರು ಒಳಗೆ ಹೋಗಿ, ಮಕ್ಕಳ ಜ್ಞಾನಸ್ನಾನದ ಪ್ರಮಾಣಪತ್ರಗಳಿರುವ ತಗಡಿನ ಪೆಟ್ಟಿಗೆಯನ್ನು ತಂದು, ಮೂಲೆ ಕತ್ತರಿಸಿದ ನೀಲಿ ಪಾಸ್‌ಪೋರ್ಟನ್ನು ತೋರಿಸಿದರು. ಆಮೇಲೆ, “ಅವನು ಹೇಳಿದ್ದು ಏನು ಅಂತ ನನಗೆ ಒಮ್ಮೆ ಓದಿ ಹೇಳಿ, ಫಾದರ್. ಕನ್ನಡದಲ್ಲಿಯೇ ಹೇಳಿ. ಕಾನೂನಿನ ಮಾತು ಕೊಂಕಣಿಯಲ್ಲಿ ನನಗೆ ಸರಿಯಾಗಿ ಹೊಳೆಯುವುದಿಲ್ಲ” ಎಂದರು.

ನಮ್ಮ ಮೊಬೈಲಿನಲ್ಲಿದ್ದ ಇಂಗ್ಲಿಷ್ ಪಾಠವನ್ನು ನೋಡಿಕೊಂಡು ತೋಚಿದಂತೆ ಅನುವಾದಿಸಿ ಹೇಳಿದೆವು. ಅರಸನ ಹೆಸರಿಗೆ ಅವರು ಏನೂ ಹೇಳಲಿಲ್ಲ. ಮೂಲನಿವಾಸಿಗಳ ವಾಕ್ಯ ಬಂದಾಗ ಕೈಯೆತ್ತಿ ನಿಲ್ಲಿಸಿ ಅದೇಕೆಂದು ಕೇಳಿದರು. ವಸತಿಶಾಲೆಗಳ ವಿಷಯವನ್ನು, ನಮ್ಮವರ ಪಾಲನ್ನೂ ಸೇರಿಸಿ, ಹೇಳಿದೆವು. ಮೂವತ್ತೊಂದು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವರು. ಬಹಳ ಹೊತ್ತು ಅಂಗಳದ ಕಡೆಗೆ ನೋಡುತ್ತ ಕುಳಿತರು. ಬಳಿಕ ಹಳೆಯ ನೋಟುಪುಸ್ತಕವನ್ನೂ ಪೆನ್ನನ್ನೂ ತೆಗೆದುಕೊಂಡು, “ಮೊದಲಿನಿಂದ ನಿಧಾನವಾಗಿ ಹೇಳಿ, ಬರೆದುಕೊಳ್ಳುತ್ತೇನೆ. ಮುಂದಿನ ವರ್ಷ ಮೊಮ್ಮಗಳು ಬಂದಾಗ ಕೇಳಬೇಕು, ಅವಳಿಗೆ ಇದು ಗೊತ್ತುಂಟೋ ಅಂತ” ಎಂದರು.

ಹೇಳತೊಡಗಿದೆವು. ಎರಡನೆಯ ಸಾಲಿನಲ್ಲಿ ಕಾನೂನುಗಳನ್ನು ಪಾಲಿಸುತ್ತೇನೆ ಎಂದು ಹೇಳಿ ಮುಂದಕ್ಕೆ ಹೋಗುವಷ್ಟರಲ್ಲಿ ಅವರು ಪೆನ್ನು ಎತ್ತಿದರು. “ಆಗ ‘ನಿಷ್ಠೆಯಿಂದ’ ಅಂತ ಇತ್ತಲ್ಲ, ಫಾದರ್, ಅದನ್ನು ಬಿಟ್ಟಿರಿ.”